ಹಾಲುವಾಣದ ಶಿಲುಬೆ

ಜನವರಿ 11, ಭಾನುವಾರ

ಅಲ್ಲ. ನಾನು ಅದಲ್ಲ. ಅಪ್ಪ ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆಯೂ ಇರುತ್ತದೆ. ಉತ್ತರ ಮಾತ್ರ ಬರೆಯುತ್ತೇನೆ. ಅಪ್ಪನ ಎದುರು ನಿಂತರೆ ನನಗೆ ಬರೀ ಕೂಗು ಬರುತ್ತದೆ, ಮಾತು ಬರುವುದಿಲ್ಲ.

ಪಾರ್ಟಿಯ ಪಿಕಪ್ ಓಡಿಸುತ್ತೇನೆ, ಹೌದು. ಬಾವುಟ ಕಟ್ಟುತ್ತೇನೆ, ಕುರ್ಚಿ ಹೊರುತ್ತೇನೆ, ಹೌದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಮೂಡಿಗೆರೆಯಲ್ಲಿ ಯಾರು ತಹಶೀಲ್ದಾರ್ ಕೆಲಸ ಎತ್ತಿಟ್ಟಿದ್ದಾರೆ? ಆದರೆ ಬರೀ ಕೂಲಿಗೆ ಹೋದವನಲ್ಲ ನಾನು. ಎರಡು ವರ್ಷದ ಕೆಳಗೆ ಆ ಇನ್ನೊಂದು ಪಾರ್ಟಿಯ ಹುಡುಗರು ಮತಾಂತರ, ಮತಾಂತರ ಎಂದು ಕೂಗುತ್ತ ನಮ್ಮ ಚರ್ಚಿಗೆ ನುಗ್ಗಲು ಬಂದಾಗ ಬಾಗಿಲಿಗೆ ಅಡ್ಡ ನಿಂತವರು ಯಾರು? ನಮ್ಮ ಪಾರ್ಟಿಯ ತಾಲೂಕು ಅಧ್ಯಕ್ಷರು, ಹರ್ಷವರ್ಧನ, ನಾವೆಲ್ಲ ಹರ್ಷಣ್ಣ ಅನ್ನುವವರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನುಷ್ಯ ನಮ್ಮ ಶಿಲುಬೆಯ ಕೆಳಗೆ ನಿಂತು, "ಮೊದ್ಲು ನನ್ನ ಹೊಡೀರಿ, ಆಮೇಲೆ ಒಳಗೆ ಹೋಗಿ" ಅಂದರು. ಅಪ್ಪ ಆಗ ಎಲ್ಲಿದ್ದ? ಬೆಂಚಿನ ಕೆಳಗೆ. ನಾನೂ ಪಕ್ಕದಲ್ಲೇ ಇದ್ದೆ, ಅದು ಬೇರೆ ವಿಷಯ.

ಇವತ್ತಿನ ಜಗಳ ಇಷ್ಟು. ಆರಾಧನೆ ಮುಗಿಸಿ ಅಜ್ಜಿಯನ್ನು ದೇವರಮನೆ ರಸ್ತೆಯ ಮೇಲಿನ ಗುಡ್ಡಕ್ಕೆ ಕರೆದುಕೊಂಡು ಹೋದೆವು. ಎಸ್ಟೇಟಿನ ಕೂಲಿ ಲೈನುಮನೆಗಳಲ್ಲಿ ಸತ್ತ ನಮ್ಮವರನ್ನೆಲ್ಲ ಮಣ್ಣು ಮಾಡುವುದು ಅಲ್ಲಿ. ಯಾವುದೋ ಕಾಲದ ಬಿಳಿ ದೊರೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ. ಅಜ್ಜನೂ ಅಲ್ಲೇ ಇದ್ದಾನೆ. ಅಜ್ಜಿಯ ಎದೆ ನೋಡಿದ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ಕೊಡಿ ಎಂದಿದ್ದಾರೆ. ಅಜ್ಜಿ ಕೇಳಿದ್ದು ಒಂದೇ: ಅಜ್ಜನ ಮಗ್ಗುಲಲ್ಲಿ ಜಾಗ. ಅದನ್ನೊಮ್ಮೆ ನೋಡಿ ಬರೋಣ ಎಂದು ಹೋದರೆ ದಾರಿಗೆ ಅಡ್ಡ ಮುಳ್ಳುತಂತಿ. ಹರ್ಷಣ್ಣನ ಬಾವಮೈದ ಶಶಿಧರ್ ಅಲ್ಲಿ ಹೋಂಸ್ಟೇ ಕಟ್ಟುತ್ತಾನಂತೆ, ಬೋರ್ಡು ನಿಲ್ಲಿಸಿದ್ದಾರೆ. ಅಜ್ಜಿ ತಂತಿ ಹಿಡಿದುಕೊಂಡು ನಿಂತಳು. ಅಪ್ಪ ನನ್ನ ಕಡೆ ತಿರುಗಿ ಆ ಮಾತು ಅಂದ.

ಹರ್ಷಣ್ಣನಿಗೆ ಇದು ಗೊತ್ತಿರಲಿಕ್ಕಿಲ್ಲ. ಗೊತ್ತಾದರೆ ಆ ತಂತಿ ಒಂದು ದಿನ ಇರುವುದಿಲ್ಲ. ಆಮೇಲೆ ಅಪ್ಪ ತನ್ನ ಮಾತನ್ನು ತಾನೇ ನುಂಗಲಿ.

ಜನವರಿ 13

ಹೇಳಿದೆನಲ್ಲ. ಪಾರ್ಟಿ ಆಫೀಸಿನಲ್ಲಿ ನನ್ನ ಮುಖ ನೋಡಿದ ಕೂಡಲೇ ಹರ್ಷಣ್ಣ ಕೇಳಿದರು.

"ಎಂತ ದಿಲೀಪ, ಮುಖ ಊದಿಸ್ಕೊಂಡಿದ್ದೀಯ? ಹಲ್ಲು ನೋವಾ?"

ಎಲ್ಲ ಹೇಳಿದೆ.

"ಅಯ್ಯೋ ಮಾರಾಯ, ಅದು ದನ ನುಗ್ತಾವೆ ಅಂತ ಹಾಕಿದ್ದು. ನಿನ್ನಜ್ಜಿ ನನ್ನಜ್ಜಿ ಅಲ್ವಾ? ಪಂಚಾಯ್ತಿ ಎಲೆಕ್ಷನ್ ಒಂದು ಮುಗೀಲಿ. ಈಗ ನಾವೇ ತಂತಿ ಕಿತ್ರೆ ಆ ಕಡೆಯವ್ರು ಎಂತ ಹೇಳ್ತಾರೆ? ಹರ್ಷವರ್ಧನ ಕ್ರಿಶ್ಚಿಯನ್ರಿಗೆ ಗುಡ್ಡ ಬರ್ಕೊಟ್ಟ ಅಂತ ಊರಿಡೀ ಸಾರ್ತಾರೆ."

ನನಗೆ ಇದು ಹೊಳೆದೇ ಇರಲಿಲ್ಲ. ರಾಜಕೀಯದಲ್ಲಿ ಮುಂದಿನದನ್ನೂ ನೋಡಬೇಕು. ಹೆಗಲ ಮೇಲೆ ಕೈ ಹಾಕಿಕೊಂಡು ಬಾಗಿಲವರೆಗೂ ಬಂದರು. ಅಜ್ಜಿಗೆಂದು ತೋಟದ ಕಿತ್ತಳೆ ಕೊಟ್ಟರು.

ಅಪ್ಪನಿಗೆ ಹೇಳಿದೆ. ಅಪ್ಪ ಒಂದು ಕಿತ್ತಳೆ ಸುಲಿದು ತಿಂದ.

ಜನವರಿ 18, ಭಾನುವಾರ

ಮೈಯೆಲ್ಲ ಉರಿಯುತ್ತಿದೆ.

ನಮ್ಮ ಪಾಸ್ಟರಮ್ಮ ಪ್ರೇಮಕುಮಾರಿ ಈ ಚರ್ಚಿನ ಸಭೆಗೆ ಬಂದು ಇನ್ನೂ ವರ್ಷ ಆಗಿಲ್ಲ. ಸ್ಕೂಟರಿನಲ್ಲಿ ಲೈನಿಂದ ಲೈನಿಗೆ ಸುತ್ತುತ್ತಾರೆ, ಎಲ್ಲರ ಮನೆಯ ಸಾರಿನ ರುಚಿ ನೋಡುತ್ತಾರೆ, ಎಲ್ಲದರಲ್ಲೂ ಮೂಗು ತೂರಿಸುತ್ತಾರೆ. ಇವತ್ತು ಬೈಬಲ್ ಪ್ರಸಂಗದ ನಡುವೆ ನಿಲ್ಲಿಸಿ, "ಗುಡ್ಡದ ಮೇಲೆ ಯಾರ್ಯಾರ ಮನೆಯವ್ರು ಮಲಗಿದ್ದಾರೆ? ಎದ್ದು ನಿಂತ್ಕೊಳ್ಳಿ" ಅಂದರು. ಒಬ್ಬರೂ ಏಳಲಿಲ್ಲ. ಎಲ್ಲರೂ ಕಾಲಿನ ಬೆರಳು ನೋಡಿಕೊಂಡು ಕೂತರು. ಅಜ್ಜಿಗೆ ಯಾರೂ ಹಿಡಿಯದೆ ಏಳಲು ಆಗುವುದಿಲ್ಲ, ಕೈ ಎತ್ತಿದಳು. ಅಪ್ಪ ಆ ಕೈಯನ್ನು ಮೆಲ್ಲಗೆ ಹಿಡಿದು ಮಡಿಲಿಗೆ ಇಳಿಸಿದ.

ಹೊರಗೆ ಬಂದ ಮೇಲೆ ನಾನು ಬಿಡಲಿಲ್ಲ.

"ಚರ್ಚಲ್ಲಿ ರಾಜಕೀಯ ಎಂತಕ್ಕೆ ಪಾಸ್ಟರಮ್ಮ?"

"ಹೋದ ಎಲೆಕ್ಷನ್ನಲ್ಲಿ ನಿಮ್ಮ ಹರ್ಷಣ್ಣ ಇದೇ ಮೈಕ್ ಹಿಡ್ಕೊಂಡು ಓಟು ಕೇಳಿದ್ರಂತಲ್ಲ. ಆವಾಗ ಕೇಳಿದ್ಯಾ?"

"ಅವ್ರು ನಮ್ಮನ್ನ ಉಳಿಸಿದ್ದಾರೆ."

"ಉಳಿಸಿದ್ದಾರೆ. ದಿನಾ ಅವ್ರ ಹೆಸ್ರು ಹೇಳಿ ಪ್ರಾರ್ಥನೆ ಮಾಡ್ತೀನಿ, ಬೇಕಾದ್ರೆ ಬಂದು ಕೇಳು. ಆದ್ರೆ ಆ ಪಾರ್ಟಿಯವ್ರು ತಪ್ಪು ಮಾಡಿದ್ರೆ ರಸ್ತೆಗೆ ಇಳಿಯೋದು, ನಮ್ಮ ಪಾರ್ಟಿಯವ್ರು ಮಾಡಿದ್ರೆ ಕಣ್ಣು ಮುಚ್ಕೊಂಡು ಕೂರೋದು, ಅದು ಭಕ್ತಿ ಅಲ್ಲ ದಿಲೀಪ. ಹೆದರಿಕೆ. ನಾನೂ ಅದೇ ಪಾರ್ಟಿಗೆ ಓಟು ಹಾಕಿದವಳು. ನಮ್ಮವ್ರನ್ನ ಕೇಳೋ ಹಕ್ಕು ನಮಗೇ ಜಾಸ್ತಿ ಇರೋದು."

ಹೆಂಗಸರನ್ನು ಪಾಸ್ಟರ್ ಮಾಡಬಾರದಿತ್ತು ಎಂದು ಸಭೆಯ ಸೆಕ್ರೆಟರಿ ಜಯಕರಣ್ಣ ಹೇಳುವುದು ಸುಮ್ಮನೆ ಅಲ್ಲ.

ಜನವರಿ 24

ಗುಡ್ಡಕ್ಕೆ ಜೆಸಿಬಿ ಹತ್ತಿತಂತೆ. ದನ ತಡೆಯಲು ಜೆಸಿಬಿ ಎಂತಕ್ಕೆ? ಹರ್ಷಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಎಲೆಕ್ಷನ್ ಸಮಯ. ಬಿಡುವಿರುವುದಿಲ್ಲ.

ಜನವರಿ 28

ಈಗ ದೊಡ್ಡ ತಮಾಷೆ ಶುರುವಾಗಿದೆ. ಅವತ್ತು ನಮ್ಮನ್ನು ಹೊಡೆಯಲು ಬಂದ ಪಾರ್ಟಿಯವರೇ ಮೂಡಿಗೆರೆಯಲ್ಲಿ ಪೇಪರಿನವರನ್ನು ಕರೆದು, ಬಡ ಕ್ರೈಸ್ತರ ಸಮಾಧಿ ನುಂಗಿದ ಅಧ್ಯಕ್ಷ ಎಂದು ಹರ್ಷಣ್ಣನನ್ನು ಬೈದರಂತೆ. ಬದುಕಿದ್ದಾಗ ಬೇಡವಾದವರು ಸತ್ತ ಮೇಲೆ ಬೇಕಾದೆವು ಇವರಿಗೆ.

ನಮ್ಮ ಪಾರ್ಟಿ ಸುಮ್ಮನೆ ಕೂರಲಿಲ್ಲ. ಜಿಲ್ಲಾ ಆಫೀಸಿನಿಂದ ಸತ್ಯಶೋಧನಾ ಸಮಿತಿ ಮಾಡಿದ್ದಾರೆ. ಚಿಕ್ಕಮಗಳೂರಿನ ಸೋಮಶೇಖರಪ್ಪನವರು ಬರುತ್ತಾರೆ, ಹಳೇ ವಕೀಲರು, ನೇರ ಮನುಷ್ಯ ಅನ್ನುತ್ತಾರೆ. ಬೇರೆ ಯಾವ ಪಾರ್ಟಿ ತನ್ನ ಅಧ್ಯಕ್ಷನ ಮೇಲೆ ತಾನೇ ಸಮಿತಿ ಹಾಕುತ್ತದೆ? ಬೇಕೆಂದೇ ಪಾಸ್ಟರಮ್ಮನ ಮನೆಗೆ ಹೋಗಿ ಇದನ್ನು ಹೇಳಿದೆ. ಅವರು ಸೋತ ಮುಖ ಮಾಡುತ್ತಾರೆ ಎಂದುಕೊಂಡಿದ್ದೆ. ಚಹಾ ಕೊಟ್ಟು, "ಒಳ್ಳೇದಾಯ್ತು. ನೀನೂ ಹೋಗು. ಇದ್ದದ್ದು ಇದ್ದ ಹಾಗೆ ಹೇಳು" ಅಂದರು.

ಹೋಗುತ್ತೇನೆ. ಯಾರಿಗೆ ಹೆದರಿಕೆ?

ಫೆಬ್ರವರಿ 3

ಬರೆಯಲು ಮನಸ್ಸಿಲ್ಲ, ಆದರೆ ಬರೆಯದೆ ನಿದ್ದೆ ಬರುವುದಿಲ್ಲ.

ಸೋಮಶೇಖರಪ್ಪನವರು ಬಿಳಿ ಶೂ ಹಾಕಿಕೊಂಡು ಬಂದಿದ್ದರು. ಗುಡ್ಡ ಹತ್ತಿ, ಏದುಸಿರು ಬಿಟ್ಟು, ಸುತ್ತ ನೋಡಿದರು.

"ಎಂತಪ್ಪ ಇದು? ಸಮಾಧಿ ಎಲ್ಲಿ? ಬರೀ ಹಾಲುವಾಣದ ಮರ. ಇದು ಯಾರೋ ಕಾಫಿಗೆ ನೆರಳು ಮಾಡಿದ್ದು."

"ಆ ಮರಗಳೇ ಸರ್" ಅಂದೆ.

ನಮ್ಮವರ ಹತ್ತಿರ ಕಲ್ಲಿನ ಶಿಲುಬೆ ಮಾಡಿಸಲು ಎಲ್ಲಿತ್ತು? ಒಣ ಮರದ್ದು ನೆಟ್ಟರೆ ಒಂದೇ ಮಳೆಗಾಲಕ್ಕೆ ಗೆದ್ದಲು ಮುಗಿಸುತ್ತದೆ. ಕೈಗೆ ಸಿಗುತ್ತಿದ್ದದ್ದು ತೋಟದ ಹಾಲುವಾಣದ ಹಸಿ ಗೂಟ. ಅದಕ್ಕೆ ಅಡ್ಡ ಒಂದು ಕೋಲು ಕಟ್ಟಿ ಸತ್ತವರ ತಲೆಯ ಹತ್ತಿರ ನೆಡುತ್ತಿದ್ದರು. ಹಾಲುವಾಣ ಎಂದರೆ ಗೊತ್ತಲ್ಲ, ಗೂಟ ಊರಿದರೆ ಸಾಕು, ಬೇರು ಬಿಡುತ್ತದೆ. ಮಳೆ ಬಿತ್ತು, ಗೂಟ ಚಿಗುರಿತು, ಅಡ್ಡಕೋಲು ಉದುರಿತು. ಶಿಲುಬೆಗಳೆಲ್ಲ ಮರ ಆದವು. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ, ಚೆಂದ ಅನ್ನಿಸಿತು. ಹಾಗೇ ಬಿಟ್ಟರು. ಇದನ್ನೆಲ್ಲ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ.

"ಶಿಲುಬೆ ಚಿಗುರ್ತು ಅಂತ ನಾನು ರಿಪೋರ್ಟಲ್ಲಿ ಬರೀಲಾ? ನನ್ನನ್ನೇ ನಿಮ್ಹಾನ್ಸಿಗೆ ಕಳಿಸ್ತಾರೆ" ಅಂದರು. ಎಲ್ಲರೂ ನಕ್ಕರು. ಸಭೆಯ ಕಡೆಯಿಂದ ಬಂದಿದ್ದ ಜಯಕರಣ್ಣನೂ ನಕ್ಕರು. ಅವರ ಅಮ್ಮ ಅದೇ ಗುಡ್ಡದ ಮೇಲಿದ್ದಾಳೆ.

"ಸರಿ, ನಿಮ್ಮಜ್ಜನ ಮರ ಯಾವ್ದು, ತೋರ್ಸು."

ನಾನು ಸುತ್ತ ನೋಡಿದೆ. ಅದೋ, ಇದೋ. ವರ್ಷಕ್ಕೊಮ್ಮೆ ಈಸ್ಟರಿಗೆ ಕತ್ತಲಲ್ಲಿ ಬಂದು ಅಜ್ಜಿಯ ಹಿಂದೆ ನಿಂತಿದ್ದು ಅಷ್ಟೇ. ಗೊತ್ತಾಗಲಿಲ್ಲ.

"ಅಜ್ಜಿಗೆ ಗೊತ್ತು" ಅಂದೆ.

"ಹಾಗಾದ್ರೆ ಅಜ್ಜಿನ ಕರ್ಕೊಂಡು ಬಾ ಮಾರಾಯ. ಈಗ ನಮಗೆ ಹೊಟ್ಟೆ ಚುರುಗುಟ್ತಾ ಇದೆ."

ಊಟ ಹರ್ಷಣ್ಣನ ಮನೆಯಲ್ಲಿತ್ತು. ಕಡುಬು, ಕಾಳುಸಾರು. ಕುರ್ಚಿಗಳನ್ನು ಸಾಗಿಸಿದವನು ನಾನೇ.

ಫೆಬ್ರವರಿ 5

ಅಜ್ಜಿಯನ್ನು ಕೇಳಿದೆ. "ಬಾಯಲ್ಲಿ ಹೇಳೂಕೆ ಬರೂದಿಲ್ಲ ಮಗಾ. ಕಂಡ್ರೆ ಗೊತ್ತಾಗ್ತದೆ" ಅಂದಳು. ಭಾನುವಾರ ಕರೆದುಕೊಂಡು ಹೋಗುತ್ತೇನೆ. ತಂತಿ ಇದ್ದರೆ ಕತ್ತರಿಸುತ್ತೇನೆ. ಕಟಿಂಗ್ ಪ್ಲೇಯರ್ ಪಿಕಪ್‌ನಲ್ಲೇ ಇದೆ.

ಫೆಬ್ರವರಿ 8, ಭಾನುವಾರ

ತಂತಿ ಕತ್ತರಿಸುವ ಕೆಲಸ ಬರಲಿಲ್ಲ. ಗೇಟು ತೆರೆದೇ ಇತ್ತು.

ಮರಗಳನ್ನೆಲ್ಲ ಕಡಿದಿದ್ದಾರೆ. ಹಾಲುವಾಣ ಮೆತ್ತಗಿನ ಮರ, ಗರಗಸ ಬೇಡ, ಕತ್ತಿ ಸಾಕು. ಬುಡಗಳನ್ನು ಜೆಸಿಬಿಯಲ್ಲಿ ಕಿತ್ತು ಒಂದು ಕಡೆ ರಾಶಿ ಹಾಕಿದ್ದಾರೆ. ಗುಡ್ಡ ಕ್ಷೌರ ಮಾಡಿದ ತಲೆಯ ಹಾಗೆ ಕಾಣುತ್ತಿತ್ತು. ಮಣ್ಣು ಸಮ ಮಾಡಿ ನೀರು ಹೊಡೆದಿದ್ದರು.

ಅಜ್ಜಿಯನ್ನು ಎತ್ತಿಕೊಂಡು ಇಳಿಸಿದೆ. ಅವಳಲ್ಲಿ ಭಾರವೇ ಇಲ್ಲ ಈಗ. ತುಂಬ ಹೊತ್ತು ನೋಡಿದಳು.

"ಇದಲ್ಲ ಮಗಾ. ನೀ ಬೇರೆ ಎಲ್ಲಿಗೋ ಕರ್ಕೊಂಡು ಬಂದಿದ್ದೀಯ."

"ಹೌದಜ್ಜಿ. ದಾರಿ ತಪ್ತು."

"ಕತ್ತಲಾಗೂ ಮುಂಚೆ ಸರಿ ದಾರಿ ಹಿಡಿ."

ದೇವರಮನೆ ರಸ್ತೆಯಲ್ಲಿ ಸುಮ್ಮನೆ ಸುತ್ತಿಸಿದೆ. ಟೂರಿಸ್ಟ್ ಗಾಡಿಗಳು, ಸೆಲ್ಫಿ ತೆಗೆಯುವವರು. ಅಜ್ಜಿ ಸೀಟಿನಲ್ಲೇ ನಿದ್ದೆ ಹೋದಳು. ಮನೆಗೆ ಕರೆದುಕೊಂಡು ಬಂದೆ.

ಫೆಬ್ರವರಿ 10

ಮೂಡಿಗೆರೆಯಲ್ಲಿ ಪಾರ್ಟಿ ಮೀಟಿಂಗ್. ಸಮಿತಿಯ ರಿಪೋರ್ಟ್ ಓದಿದರು. ಸದರಿ ಸ್ಥಳದಲ್ಲಿ ಸಮಾಧಿಯ ಯಾವುದೇ ಕುರುಹು ಕಂಡುಬಂದಿಲ್ಲ. ಚಪ್ಪಾಳೆ.

ನಾನು ಎದ್ದು ನಿಂತೆ.

"ಕುರುಹು ಇತ್ತಲ್ಲ, ನೀವು ಬಂದು ಹೋದ್ಮೇಲೆ ಕಡಿದ್ರಿ" ಅಂದೆ.

ಯಾರೋ ಮೈಕ್ ಆಫ್ ಮಾಡಿದರು. ನನಗೆ ಮೈಕ್ ಬೇಡ. ಕೂಗಿದೆ. ನಮ್ಮ ಅಧ್ಯಕ್ಷರು ತಪ್ಪು ಮಾಡಿದರೆ ನಾವಲ್ಲದೆ ಇನ್ಯಾರು ಕೇಳಬೇಕು ಎಂದೂ ಕೂಗಿದೆ. ಹಿಂದಿನಿಂದ ಒಬ್ಬ, "ಆ ಕಡೆಯವ್ರು ಎಷ್ಟು ಕೊಟ್ರೋ?" ಅಂದ. ಇನ್ನೊಬ್ಬ, "ಕೊಡೂದೆಂತ, ಬಿರಿಯಾನಿ ಸಾಕು ಅವನಿಗೆ" ಅಂದ. ಮತ್ತೆ ನಗು. ಇವರ ಕುರ್ಚಿಗಳನ್ನು ನಾನು ತಲೆಯ ಮೇಲೆ ಹೊತ್ತಿದ್ದೇನೆ.

ಹರ್ಷವರ್ಧನ ಸಿಟ್ಟಾಗಲಿಲ್ಲ. ಆಚೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. "ನಿನ್ನ ಸಿಟ್ಟು ನಂಗೆ ಅರ್ಥ ಆಗ್ತದೆ. ನಿನ್ನಜ್ಜಿಗೆ ಚಿಕ್ಕಮಗಳೂರಲ್ಲಿ ಒಳ್ಳೆ ಜಾಗ ಮಾಡಿಸ್ತೀನಿ, ಕಾಂಪೌಂಡ್ ಇರೋ ಜಾಗ. ಆದ್ರೆ ಯೋಚನೆ ಮಾಡು, ನಾನು ಬಿದ್ರೆ ನಾಳೆ ನಿಮ್ಮ ಚರ್ಚಿನ ಬಾಗ್ಲಲ್ಲಿ ಯಾರು ನಿಂತ್ಕೊಳ್ತಾರೆ?"

ಪಿಕಪ್ ಕೀ ಕೇಳಿದರು. ಕೊಟ್ಟೆ.

ಬರುವಾಗ ನಡೆದೇ ಬಂದೆ.

ಫೆಬ್ರವರಿ 12

ಆ ಇನ್ನೊಂದು ಪಾರ್ಟಿಯ ಒಬ್ಬ ಕ್ಯಾಮೆರಾ ಹಿಡಿದುಕೊಂಡು ಮನೆಗೆ ಬಂದ. ಅಜ್ಜಿ ಅಳುತ್ತಾ ಎರಡು ಮಾತು ಹೇಳಬೇಕಂತೆ. ಮುಖ ನೋಡಿದ ಕೂಡಲೇ ಗೊತ್ತಾಯಿತು, ಅವತ್ತು ನಮ್ಮ ಚರ್ಚಿನ ಕಿಟಕಿಗೆ ಕಲ್ಲು ಹೊಡೆದವನು ಇವನೇ.

"ನಿಮ್ಮ ಪರವಾಗೇ ಬಂದಿರೋದು ಬ್ರದರ್" ಅಂದ.

ಕತ್ತಿ ತೆಗೆದುಕೊಂಡು ಹೊರಗೆ ಬಂದೆ. ಓಡಿದ. ಓಡುವಾಗ ಅವನ ಒಂದು ಚಪ್ಪಲಿ ಚರಂಡಿಗೆ ಬಿತ್ತು. ಇವತ್ತಿನ ಒಳ್ಳೆಯ ಸಂಗತಿ ಅದೊಂದೇ.

ಫೆಬ್ರವರಿ 15, ಭಾನುವಾರ

ಪಾಸ್ಟರಮ್ಮನಿಗೆ ವರ್ಗಾವಣೆ. ವರ್ಷದ ನಡುವೆ ಯಾರನ್ನೂ ಎತ್ತುವುದಿಲ್ಲ, ಇವರನ್ನು ಎತ್ತಿದ್ದಾರೆ. ಎಲ್ಲೋ ಬಳ್ಳಾರಿ ಕಡೆಗಂತೆ. ಜಯಕರಣ್ಣ ಆರ್ಡರ್ ಓದಿ ಹೇಳಿದರು, ಓದುವಾಗ ಗಂಟಲು ಸರಿ ಮಾಡಿಕೊಂಡರು. ಹೆಂಗಸರು ಸೀರೆ ಕೊಟ್ಟರು. ಫೋಟೋ ತೆಗೆದರು.

ಸಂಜೆ ಮನೆಗೆ ಬಂದು ಅಜ್ಜಿಗೆ ಪ್ರಭುಭೋಜನ ಕೊಟ್ಟರು. ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ನಾಲಗೆಯ ಮೇಲೆ ಇಟ್ಟರು. ಅಜ್ಜಿ ನುಂಗಿಕೊಂಡು ಕೇಳಿದಳು.

"ನನ್ನನ್ನ ಎಲ್ಲಿ ಮಲಗಿಸ್ತೀರಾ ಅಮ್ಮ?"

ದೇವರ ಹತ್ತಿರ, ಸ್ವರ್ಗದಲ್ಲಿ, ಹೀಗೇನಾದರೂ ಹೇಳುತ್ತಾರೆ ಎಂದುಕೊಂಡೆ. ಪಾಸ್ಟರಮ್ಮ ಅಜ್ಜಿಯ ಕೈ ಹಿಡಿದುಕೊಂಡು, "ಗೊತ್ತಿಲ್ಲ ಅಜ್ಜಿ. ನನ್ನ ಕೈಲಿ ಆಗ್ಲಿಲ್ಲ" ಅಂದರು.

ಸ್ಕೂಟರ್ ಹತ್ತುವಾಗ ನಾನು ಕೇಳಿದೆ. "ದೇವ್ರು ಎಂತ ಮಾಡ್ತಿದ್ದಾನೆ ಪಾಸ್ಟರಮ್ಮ?"

"ಅದೇ ನಂಗೂ ಸಿಟ್ಟು" ಅಂದರು. ಕಿಕ್ ಹೊಡೆದರು, ಸ್ಟಾರ್ಟ್ ಆಗಲಿಲ್ಲ. ನಾನು ಹೊಡೆದುಕೊಟ್ಟೆ.

ಫೆಬ್ರವರಿ 20

ಅಜ್ಜಿ ಹೋದಳು.

ಫೆಬ್ರವರಿ 22

ನಿನ್ನೆ ಚಿಕ್ಕಮಗಳೂರಿನಲ್ಲಿ, ಹರ್ಷವರ್ಧನ ಮಾಡಿಸಿಕೊಟ್ಟ ಜಾಗದಲ್ಲೇ ಮಣ್ಣು ಮಾಡಿದೆವು. ಅಪ್ಪ ಒಪ್ಪಿಕೊಂಡಿದ್ದ. ನಾನು ಓಡಿಸುತ್ತಿದ್ದ ಪಿಕಪ್‌ನಲ್ಲೇ ಪೆಟ್ಟಿಗೆ ಇಟ್ಟರು. ಹೊಸ ಡ್ರೈವರ್ ಚನ್ನಬಸವನಿಗೆ ಆ ಗಾಡಿಯ ಕ್ಲಚ್ ಇನ್ನೂ ಕಾಲಿಗೆ ಒಗ್ಗಿಲ್ಲ. ತಿರುವು ಬಂದಾಗಲೆಲ್ಲ ಅಜ್ಜಿಯ ಪೆಟ್ಟಿಗೆ ಜಾರಿ ಬದಿಗೆ ಬಡಿಯುತ್ತಿತ್ತು. ನಾನು ಹಿಂದೆ ಕೂತು ಕಾಲು ಅಡ್ಡ ಕೊಟ್ಟಿದ್ದೆ. ವಸ್ತಾರೆ ದಾಟುವಾಗ ಮಂಡಿಯಲ್ಲಿ ರಕ್ತ ಬಂತು.

ಸಿಮೆಂಟಿನ ಗೋಡೆ, ಸಾಲು ಸಾಲು ಸಮಾಧಿ. ಒಂದು ಕಡೆ ಯಾರೋ ಬ್ಯಾಂಕ್ ಮ್ಯಾನೇಜರು, ಇನ್ನೊಂದು ಕಡೆ ಯಾರೋ ನರ್ಸು. ಅಜ್ಜಿಗೆ ಒಬ್ಬರ ಗುರುತೂ ಇಲ್ಲ. ಅಲ್ಲಿ ಮಾತಾಡಲು ಯಾರಿದ್ದಾರೆ ಅವಳಿಗೆ?

ಹರ್ಷವರ್ಧನ ಬಂದ. ಹೂವಿನ ಚಕ್ರ ಇಟ್ಟ, ಪಾರ್ಟಿಯ ಶಾಲು ಹೊದಿಸಿದ, ಕಣ್ಣು ಒರೆಸಿಕೊಂಡ. ನಿಜವಾಗಿಯೂ ಕಣ್ಣೀರಿತ್ತು. ಅದನ್ನೇ ನನಗೆ ತಡೆಯಲು ಆಗಲಿಲ್ಲ. ಸುಳ್ಳು ಕಣ್ಣೀರಾಗಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದೆ. ಶಾಲನ್ನು ಮಾತ್ರ ಕಿತ್ತು ಎಸೆದೆ. ಅಪ್ಪ ಅದನ್ನು ಎತ್ತಿ, ಮಣ್ಣು ಕೊಡವಿ, ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಹರ್ಷವರ್ಧನನಿಗೆ ಕೈ ಮುಗಿದ.

ಮಾರ್ಚ್ 4

ಏನೂ ಇಲ್ಲ. ಪೇಪರಿನಲ್ಲಿ ಬಂದಿದೆ, ಹರ್ಷವರ್ಧನನ ಮೇಲಿನ ಆರೋಪ ಸುಳ್ಳು, ಪಾರ್ಟಿಯಿಂದ ಕ್ಲೀನ್ ಚಿಟ್. ಆ ಕಡೆಯ ಪಾರ್ಟಿಯವರು ಬೇರೆ ಯಾವುದೋ ಗಲಾಟೆಗೆ ಹೋದರು. ನಮ್ಮ ಗುಡ್ಡ ಅವರಿಗೂ ಮುಗಿಯಿತು.

ತೋಟದಲ್ಲಿ ಕಾಫಿ ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದೇನೆ. ಮೇಸ್ತ್ರಿ ಬೈಯುತ್ತಾನೆ. ಬೈಯಲಿ.

ಮಾರ್ಚ್ 15, ಭಾನುವಾರ

ಸಭಾ ಕಮಿಟಿ ಮೀಟಿಂಗ್ ಕರೆದಿದ್ದರು, ಪಾಸ್ಟರಮ್ಮ ಇದ್ದ ಮನೆಯಲ್ಲಿ. ಹೊಸ ಪಾಸ್ಟರ್ ಇನ್ನೂ ಬಂದಿಲ್ಲ. ಗುಡ್ಡದ ಮೇಲೆ ಸಮಾಧಿ ಇದ್ದ ಮನೆಯವರೆಲ್ಲ ಬರಬೇಕು ಎಂದಿದ್ದರು. ಅಪ್ಪನ ಜೊತೆ ಹೋದೆ. ಅಜ್ಜನಿಗೆ ಒಂದು ನ್ಯಾಯ ಸಿಗಬಹುದು ಎಂದು ನನಗೆ ಯಾಕೆ ಅನ್ನಿಸಿತೋ.

ಜಯಕರಣ್ಣ ಶುರು ಮಾಡಿದರು. "ನೋಡಿ, ಪೇಪರಿಗೆ ನಮ್ಮ ಕಡೆಯಿಂದ ಒಂದು ಮಾತು ಕೊಡ್ಬೇಕು. ಆ ಗುಡ್ಡದಲ್ಲಿ ನಮ್ಮವ್ರು ಯಾರೂ ಇಲ್ಲ, ಗಲಾಟೆ ಮಾಡಿದ್ದು ಹೊರಗಿನವ್ರು ಅಂತ. ಹರ್ಷಣ್ಣ ಕೇಳ್ಕೊಂಡಿದ್ದಾರೆ. ಎಲೆಕ್ಷನ್ ಬಂತು. ಆ ಕಡೆಯವ್ರು ಗೆದ್ರೆ ನಮ್ಮ ಚರ್ಚ್ ಉಳೀತದಾ? ನೀವೇ ಹೇಳಿ."

ಆಮೇಲೆ ತಾವೇ ಮೊದಲು ಹೇಳಿದರು, "ನಮ್ಮಮ್ಮ ಅಲ್ಲಿಲ್ಲ." ಒಬ್ಬೊಬ್ಬರೇ ಹೇಳುತ್ತ ಬಂದರು. ನಮ್ಮ ಮಾವ ಇಲ್ಲ. ನಮ್ಮ ಮಗು ಇಲ್ಲ. ಅಪ್ಪನ ಸರದಿ ಬಂತು.

"ನಮ್ಮಪ್ಪ ಅಲ್ಲಿಲ್ಲ" ಅಂದ ಅಪ್ಪ.

"ಮತ್ತೆ ಎಲ್ಲಿದ್ದಾನೆ?" ಅಂದೆ ನಾನು.

"ಕೂತ್ಕೋ ಮಗಾ. ಸತ್ತವ್ರಿಗೆ ಎಂತ ಬೇಕು? ಇರೋರು ಇಲ್ಲೇ ಇರ್ಬೇಕಲ್ಲ."

"ಅವ್ರು ನಮ್ಮ ಪ್ರಾರ್ಥನೆ ನಿಲ್ಸೋಕೆ ಬಂದ್ರು. ಇವ್ರು ನಮ್ಮ ಸತ್ತವ್ರನ್ನೇ ಇಲ್ಲ ಅಂತ ಹೇಳ್ಸಿದ್ರು, ಅದೂ ನಮ್ಮ ಬಾಯಲ್ಲೇ. ಇದಕ್ಕೆ ಭಕ್ತಿ ಅಂತಾರಾ? ಇದು ಹೆದರಿಕೆ. ನಮ್ಮವ್ರು ತಪ್ಪು ಮಾಡಿದ್ರೆ ಕೇಳೋ ಹಕ್ಕು ನಮಗೇ ಜಾಸ್ತಿ ಇರೋದು!"

ಜಯಕರಣ್ಣ ಕನ್ನಡಕ ತೆಗೆದು ಒರೆಸಿದರು. "ಪಾಸ್ಟರಮ್ಮ ಹೋದ್ರೂ ಗಂಟಲು ಇಲ್ಲೇ ಬಿಟ್ಟು ಹೋಗಿದ್ದಾರೆ ನೋಡಿ."

ಎಲ್ಲರೂ ನಕ್ಕರು. ಯಾರ ಗಂಟಲೂ ಅಲ್ಲ, ನನ್ನದೇ. ಆ ಹೆಂಗಸಿಗೂ ನನಗೂ ಏನು ಸಂಬಂಧ?

"ಮುಂದಿನ ವಿಷಯ" ಅಂದರು ಜಯಕರಣ್ಣ. "ಈಸ್ಟರ್ ಮುಂಜಾನೆ ಪ್ರಾರ್ಥನೆ."

ಪ್ರತಿ ಈಸ್ಟರಿಗೆ ಸೂರ್ಯ ಹುಟ್ಟುವ ಮುಂಚೆ ನಾವು ಗುಡ್ಡದ ಸಮಾಧಿಗಳ ನಡುವೆ ಮೇಣದಬತ್ತಿ ಹಚ್ಚಿ ಹಾಡುತ್ತೇವೆ. ಕರ್ತನು ಎದ್ದ ಹಾಗೆ ಇವರೂ ಏಳುತ್ತಾರೆ ಎಂದು. ಈ ಸಲ ಎಲ್ಲಿ ಎಂದು ಯಾರೋ ಕೇಳಿದರು.

"ಜಾಗ ಅದೇ" ಅಂದರು ಜಯಕರಣ್ಣ. "ಶಶಿಧರ್ ತಾವಾಗೇ ಹೇಳಿದ್ದಾರೆ. ಹೋಂಸ್ಟೇ ಲಾನ್ ಅಷ್ಟೊತ್ತಿಗೆ ರೆಡಿ ಆಗ್ತದಂತೆ. ಸೂರ್ಯ ಹುಟ್ಟೂದು ಅಲ್ಲಿಂದ ಚೆನ್ನಾಗಿ ಕಾಣ್ತದೆ. ತಿಂಡಿನೂ ಅವ್ರದ್ದೇ, ಪೂರಿ ಸಾಗು."

ಪೂರಿಯೋ ಇಡ್ಲಿಯೋ ಎಂದು ಸ್ವಲ್ಪ ಹೊತ್ತು ಮಾತಾಯಿತು. ಅಪ್ಪ ನೆಲ ನೋಡುತ್ತ ಕೂತಿದ್ದ. ತಲೆ ಎತ್ತದೆ ಕೇಳಿದ.

"ಆ ಲಾನ್ ಮೇಲೆ ಚಪ್ಪಲಿ ಹಾಕ್ಕೊಂಡು ಹೋಗ್ಬಹುದಾ?"

ನಾನು ಎದ್ದೆ. ಅಪ್ಪ ನನ್ನ ಅಂಗಿ ಹಿಡಿದ, ಬಿಡಿಸಿಕೊಂಡೆ. ಹೊರಗೆ ಬಂದು ಬಾಗಿಲನ್ನು ಎಷ್ಟು ಬಲ ಇತ್ತೋ ಅಷ್ಟು ಬಲದಿಂದ ಬಡಿದೆ. ಒಳಗೆ ಗೋಡೆಯಿಂದ ಏನೋ ಕೆಳಗೆ ಬಿದ್ದು ಒಡೆದ ಸದ್ದಾಯಿತು. ಏನೆಂದು ನೋಡಲು ತಿರುಗಲಿಲ್ಲ.